ಒಂದು ದಿನವೂ ತಪ್ಪಿಸಬಾರದು

ಶಾರದಮ್ಮ ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ಎತ್ತಿ ಬಚ್ಚಲಿಗೆ ಸುರಿದರು. ನಿನ್ನೆ ಸಂಜೆಯ ಹಾಲು, ಕಾಯಿಸುವವರಿಲ್ಲದೆ ಒಡೆದುಹೋಗಿತ್ತು. ಸಿಲಿಂಡರಿನ ತಿರುಪು ಬಿಗಿ ಮಾಡಿ, ಅಡುಗೆಕೋಣೆಯ ಬಾಗಿಲೆಳೆದುಕೊಂಡು ನಡುಕೋಣೆಗೆ ಬಂದು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಇನ್ನು ಅವನನ್ನು ಎತ್ತುವವರೆಗೆ ಈ ಮನೆಯಲ್ಲಿ ಒಲೆ ಉರಿಸ್ಲಿಕ್ಕಿಲ್ಲ. ಮನೆಯವರು ಯಾರೂ ಬಾಯಿಗೆ ನೀರು ಸಹ ಹಾಕ್ಲಿಕ್ಕಿಲ್ಲ. ಹೊರಗಿನವರು ಬೇಕಾದ್ರೆ ಕೆಳಗೆ ಹೋಗಿ ಎಂತಾದ್ರೂ ಕುಡೀರಿ.”

ಎಪ್ಪತ್ತು ದಾಟಿದ ಶಾರದಮ್ಮ ಸತ್ತವನ ಅಕ್ಕ. ಗಂಡ ಹೋದ ಮೇಲೆ ಇಪ್ಪತ್ತು ವರ್ಷಗಳಿಂದ ತಮ್ಮನ ಮನೆಯಲ್ಲೇ ಇದ್ದವರು. ಶಾಸ್ತ್ರ, ಮಡಿ, ಮುಟ್ಟುಚಿಟ್ಟಿನ ವಿಷಯದಲ್ಲಿ ಅವರಿಗೆ ಎದುರಾಡಿದವರು ಮದರಾಸಿನ ಪುರಸೈವಾಕ್ಕಂನ ಈ ಮಾಳಿಗೆಮನೆಯಲ್ಲಿ ಇದುವರೆಗೆ ಯಾರೂ ಇರಲಿಲ್ಲ. ತಮ್ಮ ಶೀನನಂತೂ ಎದುರಾಡುವ ಪೈಕಿಯೇ ಅಲ್ಲ. ಈಗ ಅವನು ತೆಂಕಲಿಗೆ ತಲೆಯಿಟ್ಟು ಚಾಪೆಯ ಮೇಲೆ ಮಲಗಿದ್ದ. ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದ್ದರು. ಅರುವತ್ತೊಂದು ವರ್ಷದಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ಅವನು ಮಲಗಿದ್ದನ್ನು ನೋಡಿದವರು ಅಲ್ಲಿ ಸೇರಿದ ಹೊರಗಿನವರಲ್ಲಿ ಯಾರೂ ಇಲ್ಲ.

ಹೆಂಡತಿ ಅಕ್ಕು ಗೋಡೆಗೆ ಒರಗಿ ಅವನ ತಲೆಯ ಹತ್ತಿರ ಕೂತಿದ್ದಳು. ಅಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಹೆದರಿಕೆ. ಬಾಗಿಲಲ್ಲಿ ಹೊಸಬರು ಕಂಡಾಗಲೆಲ್ಲ ಇವರು ಕೇಳುತ್ತಾರೆ, ಹೇಗಾಯ್ತು ಎಂದು ಕೇಳಿಯೇ ಕೇಳುತ್ತಾರೆ ಎಂದುಕೊಳ್ಳುತ್ತಿದ್ದಳು. ಪುಣ್ಯಕ್ಕೆ ಎಲ್ಲರಿಗೂ ಉತ್ತರ ಕೊಡಲು ಶಾರದಮ್ಮ ಇದ್ದರು.

“ಹಾರ್ಟಂತೆ. ನಿದ್ದೆಯಲ್ಲೇ ಆದದ್ದು.”

“ಪುಣ್ಯವಂತ. ಯಾರಿಗೂ ಕಷ್ಟ ಕೊಡ್ಲಿಲ್ಲ ನೋಡಿ,” ಎಂದ ಶೀನ ಕೆಲಸ ಮಾಡುತ್ತಿದ್ದ ಹೋಟೆಲಿನ ದೋಸೆಯವ.

“ಜೀವ ಇದ್ದಾಗ ಆದ್ರೂ ಕೊಟ್ಟವನಾ? ಹಲ್ಲುನೋವು ಬಂದ್ರೂ ಹೇಳ್ತಾ ಇರ್ಲಿಲ್ಲ,” ಎಂದ ಇನ್ನೊಬ್ಬ.

ಹೋಟೆಲಿನ ಧಣಿ ಸತ್ಯನಾರಾಯಣ ರಾಯರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಿನ್ನೆ ಆಸ್ಪತ್ರೆಗೆ ವ್ಯಾನು ಕೊಟ್ಟವರೂ ಅವರೇ. ಕೆಳಗೆ ಹೋಟೆಲಿನ ಷಟರು ಅರ್ಧ ಎಳೆದಿತ್ತು. ಎದುರಿನ ಜವಳಿ ಅಂಗಡಿಗಳ ಜನ ಅಭ್ಯಾಸಬಲದಿಂದ ಬಂದು, ಬಗ್ಗಿ ನೋಡಿ, ಸುದ್ದಿ ತಿಳಿದು, “ನಮ್ಮ ಕಾಫಿ ಐಯರಾ?” ಎಂದು ಮೆಟ್ಟಿಲು ಹತ್ತಿ ಬರುತ್ತಿದ್ದರು.

“ಮೂವತ್ತೆಂಟು ವರ್ಷ,” ಎಂದರು ರಾಯರು ಯಾರಿಗೆಂದು ಇಲ್ಲದೆ. “ಒಂದು ದಿನ ತಡ ಮಾಡಿದವ ಅಲ್ಲ. ಒಂದು ದಿನ ಜಾಸ್ತಿ ಮಾತಾಡಿದವ ಅಲ್ಲ. ನಿದ್ದೆಯಲ್ಲಿ ಹೋದ. ಅವನಿಗೆ ಸರಿಯಾದ ಸಾವೇ.”

ನಿದ್ದೆ ಎಂಬ ಮಾತು ಬಿದ್ದಾಗಲೆಲ್ಲ ಅಕ್ಕು ಸೆರಗಿನ ಒಳಗೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಸುಕಿಕೊಳ್ಳುತ್ತಿದ್ದಳು.

*

ಶೀನ ಕಾಫಿ ಮಾಡುವವನು. ಬಾರಕೂರಿನಿಂದ ಮದರಾಸಿಗೆ ಬಂದ ಮೇಲೆ ಬೇರೆ ಕೆಲಸ ಮಾಡಿದ್ದಿಲ್ಲ, ಬೇರೆ ಹೋಟೆಲು ನೋಡಿದ್ದಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಡಿಕಾಕ್ಷನ್ ಇಳಿಸಲು ನಿಂತರೆ ನಡುವೆ ಒಂದು ಗಂಟೆ ಬಿಡುವು ಬಿಟ್ಟು ದಿನವೆಲ್ಲ ನಿಂತೇ ಇರುವವನು. ಗಿರಾಕಿಯ ಮುಖ ನೋಡಿ ಅವನಿಗೆ ಎಷ್ಟು ಸಕ್ಕರೆ ಎಂದು ಹೇಳಬಲ್ಲವನಾಗಿದ್ದ. ಯಾರಾದರೂ ಮನೆಯಲ್ಲಿ ಜಗಳವಾಡಿ ಬಂದರೆ ಅರ್ಧ ಚಮಚ ಜಾಸ್ತಿ ಹಾಕುತ್ತಿದ್ದ ಎಂದು ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಅವನು ನಗುತ್ತಿದ್ದ, ಅಲ್ಲ ಎನ್ನುತ್ತಿರಲಿಲ್ಲ.

ಮಹಾ ಪುಕ್ಕಲ. ಪೋಲೀಸರೆಂದರೆ ಭಯ, ತಂತಿ ಬಂತೆಂದರೆ ಭಯ, ರೇಷನ್ ಕಾರ್ಡಿನ ಅರ್ಜಿಗೆ ಸಹಿ ಹಾಕುವಾಗ ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳುತ್ತಿದ್ದ. ಇಂಥವನಿಗೆ ಆರು ವರ್ಷದ ಹಿಂದೆ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ಅವನು ಅದನ್ನು ಕಾಯಿಲೆ ಎಂದು ತಿಳಿಯಲೇ ಇಲ್ಲ, ತೀರ್ಪು ಎಂದು ತಿಳಿದ. ಮನೆಗೆ ಬಂದು ಅಕ್ಕುವಿನ ಎದುರು ಕೂತು ಹೇಳಿದ.

“ಸಿಹಿ ಬಿಡಬೇಕಂತೆ. ಬೆಳಗ್ಗೆ ಒಂದು ಮಾತ್ರೆ, ಸಂಜೆ ಒಂದು. ಒಂದು ದಿನವೂ ತಪ್ಪಿಸಬಾರದು ಅಂತ ಹೇಳಿದ್ರು. ಇನ್ನೂ ಎಂತದೋ ಹೇಳಿದ್ರು.”

“ಎಂತ ಹೇಳಿದ್ರು?”

“ನೆನಪಿಲ್ಲ ಮಾರಾಯ್ತಿ. ನಾನು ಹೆದರಿ ತಲೆ ಆಡಿಸ್ತಾ ಇದ್ದೆ.”

ಅಂದಿನಿಂದ ಅವನು ಒಂದು ಹರಳು ಸಕ್ಕರೆ ಮುಟ್ಟಲಿಲ್ಲ. ದಿನಕ್ಕೆ ಸಾವಿರ ಲೋಟಕ್ಕೆ ಸಕ್ಕರೆ ಹಾಕಿದ ಕೈಯನ್ನು ತೊಳೆದುಕೊಂಡು ಮೇಲೆ ಬಂದು, ಕಹಿ ಕಾಫಿ ಕುಡಿಯುತ್ತಿದ್ದ. ಗಡಿಬಿಡಿಯಲ್ಲಿ ಮರೆತೀತೆಂದು ಮಾತ್ರೆಯ ಉಸ್ತುವಾರಿಯನ್ನು ಅಕ್ಕುವಿಗೆ ವಹಿಸಿಬಿಟ್ಟಿದ್ದ. ಬೆಳಗ್ಗೆ ಅವಳು ಕೆಳಗಿಳಿದು ಹೋಗಿ, ಕಾಫಿ ಬಾಯ್ಲರಿನ ಪಕ್ಕ ನಿಂತು, ಅವನ ಅಂಗೈಯಲ್ಲಿ ಮಾತ್ರೆ ಹಾಕಿ, ನುಂಗಿದ ಮೇಲೆಯೇ ಮೇಲೆ ಬರುತ್ತಿದ್ದಳು. ಆರು ವರ್ಷ ಚಾಚೂ ತಪ್ಪಲಿಲ್ಲ. ಅವಳಿಗೆ ಅದರಲ್ಲಿ ಒಂದು ಹೆಮ್ಮೆಯೂ ಇತ್ತು. ಶೀನನ ತಮ್ಮ ಕೃಷ್ಣಪ್ರಸಾದನಿಗೂ ಅದೇ ಕಾಯಿಲೆ ಬಂದು, ಅವನಿಗೂ ಅದೇ ಮಾತ್ರೆ ಆದಾಗ ಶೀನ ತಮ್ಮನಿಗೆ ಹೇಳಿದ್ದೂ ಇದನ್ನೇ. “ನೋಡು, ಏನಾದ್ರೂ ತಪ್ಪಲಿ, ಇದು ತಪ್ಪಬಾರದು.”

ಕಳೆದ ಸೋಮವಾರ ಶೀನನಿಗೆ ಭೇದಿ ಹತ್ತಿಕೊಂಡಿತು, ಜೊತೆಗೆ ಜ್ವರ. ಅನ್ನ ಸೇರಲಿಲ್ಲ, ಗಂಜಿತಿಳಿ ಕುಡಿದರೆ ಅದೂ ವಾಂತಿ. ಮಂಗಳವಾರ ಬೆಳಗ್ಗೆ ಅವಳು ಮಾತ್ರೆ ಹಿಡಿದು ಹಾಸಿಗೆಯ ಹತ್ತಿರ ಬಂದಾಗ, ಆರು ವರ್ಷದಲ್ಲಿ ಮೊದಲ ಸಲ, ಅವನು ಕೈ ಚಾಚಲಿಲ್ಲ.

“ಹೊಟ್ಟೆಗೆ ಎಂತದೂ ಹೋಗ್ಲಿಲ್ಲ ಅಕ್ಕು. ಇವತ್ತು ಮಾತ್ರೆ ಬೇಕಾ?”

“ಒಂದು ದಿನವೂ ತಪ್ಪಿಸಬಾರದು ಅಂತ ನೀವೇ ಹೇಳಿದ್ದಲ್ವಾ?”

ಹೌದಲ್ಲ ಎಂಬಂತೆ ನೋಡಿ ಅವನು ಕೈ ಚಾಚಿದ. ಆ ಸಂಜೆಯೂ ಕೊಟ್ಟಳು. ಬುಧವಾರ ಬೆಳಗ್ಗೆಯೂ ಕೊಟ್ಟಳು.

ಬುಧವಾರ, ಅಂದರೆ ನಿನ್ನೆ. ಮಧ್ಯಾಹ್ನ ನೋಡಿದರೆ ಅವನ ಬನಿಯನ್ ಹಿಂಡುವಷ್ಟು ಒದ್ದೆಯಾಗಿತ್ತು. ಜ್ವರ ಬಿಡುವ ಬೆವರು, ಒಳ್ಳೆಯದಾಯಿತು ಎಂದುಕೊಂಡು ಅವಳು ಒರೆಸಿದಳು. ಅವನು ಅವಳನ್ನು “ಅಮ್ಮ” ಎಂದು ಕರೆದ. ಗಾಳಿಯಲ್ಲಿ ಕೈ ಎತ್ತಿ ಇಳಿಸಿ ಕಾಫಿ ನೊರೆ ಬರಿಸಿದ. “ಸಕ್ಕರೆ ಹಾಕಿ ಕಾಫಿ ಕೊಡು” ಎಂದು ಮಗುವಿನ ಹಾಗೆ ಅತ್ತ. ಸಾಯಲಿ, ಒಂದು ದಿನ ಎಂದು ಅವಳು ಮೂರು ಚಮಚ ಸಕ್ಕರೆ ಹಾಕಿ ಕುಡಿಸಿದಳು. ಹತ್ತೇ ನಿಮಿಷ. ಅವನು ಎದ್ದು ಗೋಡೆಗೆ ಒರಗಿ ಕೂತು, “ಡಿಕಾಕ್ಷನ್ ತೆಳು ಆಯ್ತು” ಎಂದ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ನಿದ್ದೆ ಬರುತ್ತದೆ ಎಂದ. ಮಲಗಿ ಎಂದಳು.

ಮಲಗುವ ಮೊದಲು, ಅಷ್ಟು ಸಕ್ಕರೆ ಕುಡಿದದ್ದು ಮೈಗೆ ಏರೀತೆಂದು, ಸಂಜೆಯ ಮಾತ್ರೆಯನ್ನು ಮೂರು ಗಂಟೆಗೇ ಕೊಟ್ಟಳು.

ಕಿಟಕಿ ಮುಚ್ಚಿದಳು. ಗುಡಿಯಿಂದ ಬಂದ ಶಾರದಮ್ಮನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮೂರು ಗಂಟೆ ಹೊತ್ತು ಅವನ ನಿದ್ದೆಯನ್ನು ಯಾರೂ ಕೆಡಿಸದಂತೆ ಬಾಗಿಲಲ್ಲಿ ಕೂತು ಕಾದಳು. ದೀಪ ಹಚ್ಚುವ ಹೊತ್ತಿಗೆ ಒಳಗಿಂದ ಬಂದ ಗೊರಕೆ ಬೇರೆ ಥರ ಕೇಳಿತು. ಅಲುಗಾಡಿಸಿದರೆ ತಲೆ ಬಿದ್ದುಹೋಯಿತು.

ಆಸ್ಪತ್ರೆಯಲ್ಲಿ ಒಬ್ಬಳು ಸಣ್ಣ ವಯಸ್ಸಿನ ಡಾಕ್ಟರಮ್ಮ ಅವಳನ್ನು ಪರದೆಯ ಆಚೆ ಕರೆದು ತಮಿಳಿನಲ್ಲಿ ಹೇಳಿದ್ದಳು. ಸಕ್ಕರೆ ಇಪ್ಪತ್ತೆಂಟಕ್ಕೆ ಇಳಿದಿದೆ. ಊಟ ಇಲ್ಲದಾಗ ಈ ಮಾತ್ರೆ ಕೊಡಲೇಬಾರದು. ಭೇದಿಯಾಗಿ ಮೈಯ ನೀರು ಹೋದರೆ ಮೂತ್ರಪಿಂಡ ಸೋಲುತ್ತದೆ, ಮಾತ್ರೆ ಹೊರಗೆ ಹೋಗದೆ ಒಂದು ದಿನವಾದರೂ ಒಳಗೇ ಇದ್ದು ಸಕ್ಕರೆಯನ್ನು ಎಳೆಯುತ್ತಲೇ ಇರುತ್ತದೆ. ಕಾಫಿ ಕುಡಿದು ಎದ್ದು ಕೂತಾಗ ಮುಗಿಯಿತೆಂದು ತಿಳಿದಿರಿ, ಮುಗಿದಿರಲಿಲ್ಲ. ಆಗಲೇ ಕರೆತರಬೇಕಿತ್ತು. ಮಲಗಲು ಬಿಡಬಾರದಿತ್ತು. ಕೊನೆಗೆ ಕೇಳಿದಳು, ಮಾತ್ರೆ ಕೊಟ್ಟದ್ದು ಯಾರು?

“ಅವರೇ ತಗೊಂಡ್ರು,” ಎಂದಿದ್ದಳು ಅಕ್ಕು.

ಬೆಳಗ್ಗೆ ಐದಕ್ಕೆ ಶೀನ ಹೋದ. ಆಸ್ಪತ್ರೆಯವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಹೃದಯ ನಿಂತಿತು ಎನ್ನುವಷ್ಟನ್ನು ರಾಯರು ಓದಿ ಎಲ್ಲರಿಗೂ ಹೇಳಿದರು.

*

ಕೃಷ್ಣಪ್ರಸಾದ ಊರ ಹೊರಗಿನ ಮಣಲಿಯಿಂದ ಬಂದಾಗ ಒಂಬತ್ತೂವರೆ. ಅಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ. ಹೆಂಡತಿ ಊರ್ಮಿಳಾ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಳು. ಅಣ್ಣನ ಕಾಲಿನ ಮೇಲೆ ಬಿದ್ದು ಗೊಳೋ ಎಂದು ಅತ್ತ. ಶೀನನಿಗೆ ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು ಅಶ್ವಿತಾ, ಕೊಯಮತ್ತೂರಿನಲ್ಲಿ ಓದುತ್ತಿದ್ದವಳು. ಹಾಗಾಗಿ ಕ್ರಿಯೆಗೆ ಕೂರುವವನು ಇವನೇ. ಭಟ್ಟರು ಸ್ನಾನ ಮಾಡಿಸಿ, ಒದ್ದೆ ಪಂಚೆಯಲ್ಲೇ ಮೂಲೆಯ ಮಣೆಯ ಮೇಲೆ ಕೂರಿಸಿದರು. ಮಗಳ ರೈಲು ಸೆಂಟ್ರಲ್ಲಿಗೆ ಬರುವುದು ಒಂದೂಮುಕ್ಕಾಲಕ್ಕೆ. ಅವಳು ಮುಖ ನೋಡಿದ ಮೇಲೆ ಎತ್ತುವುದು ಎಂದಾಯಿತು.

ಕಾಯುವ ಕೆಲಸ. ಹನ್ನೊಂದಾಯಿತು, ಹನ್ನೆರಡಾಯಿತು. ಮೇ ತಿಂಗಳ ಸೆಕೆಗೆ ಎಲ್ಲರೂ ಬೆವರುತ್ತಿದ್ದರು. ಕೃಷ್ಣಪ್ರಸಾದ ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದ.

ಅಕ್ಕು ಮೊದಲು ನೋಡಿದ್ದು ಅವನ ಬೆರಳುಗಳನ್ನು. ಪಂಚೆಯ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಆಮೇಲೆ ಅವನು ಸುಮ್ಮಸುಮ್ಮನೆ ಭಟ್ಟರ ಮೇಲೆ ರೇಗಿದ.

“ಎಷ್ಟು ಹೊತ್ತು ಭಟ್ರೇ? ಸೆಕೆಂಡ್ ಶಿಫ್ಟಿನವರು ಬರುವ ಹೊತ್ತಾಯ್ತು. ಅನ್ನ ಇಳಿಸ್ಲಿಕ್ಕುಂಟು.”

ದೋಸೆಯವ ಪಕ್ಕದವನಿಗೆ ಪಿಸುಗುಟ್ಟಿದ. “ಅಣ್ಣ ಅಂದ್ರೆ ಪ್ರಾಣ ಅವನಿಗೆ. ದುಃಖ ತಲೆಗೆ ಏರಿದೆ.”

“ಅಳ್ಲಿ. ಅತ್ರೆ ಹಗುರ ಆಗ್ತದೆ,” ಎಂದರು ಶಾರದಮ್ಮ.

ಅವನು ಅಳಲಿಲ್ಲ. ನಕ್ಕ. ಗೋಡೆಯತ್ತ ನೋಡಿ ನಕ್ಕ. ಈ ನಗು ಅಕ್ಕುವಿಗೆ ಗೊತ್ತು, ಈ ಬೆವರು ಗೊತ್ತು. ಇಪ್ಪತ್ತನಾಲ್ಕು ಗಂಟೆ ಮೊದಲು ಇದನ್ನೇ ಅವಳು ಟವೆಲಿನಲ್ಲಿ ಒರೆಸಿದ್ದಳು.

“ಕೃಷ್ಣ,” ಎಂದಳು ಕೂತಲ್ಲಿಂದಲೇ. “ಬೆಳಗ್ಗೆ ಮಾತ್ರೆ ತಗೊಂಡಿದ್ದೀಯಾ?”

ಅವನು ನಿಧಾನಕ್ಕೆ ತಿರುಗಿದ. “ಐದು ಗಂಟೆಗೆ. ತಪ್ಪಿಸಬಾರದಲ್ವಾ.”

“ತಿಂಡಿ?”

“ಎಂತ ತಿಂಡಿ?”

“ನಿನ್ನೆ ರಾತ್ರಿ ಊಟ ಮಾಡಿದ್ದೀಯಾ?”

“ಅಣ್ಣ ಆಸ್ಪತ್ರೇಲಿ ಅಂತ ಫೋನ್ ಬಂತು. ಊಟ ಎಲ್ಲಿ ಸೇರ್ತದೆ...” ಎಂದವನು ಮಾತನ್ನು ಅಲ್ಲೇ ಮರೆತ.

ಅಕ್ಕು ಎದ್ದಳು. ಹೆಣದ ಪಕ್ಕದಿಂದ ಹೆಂಡತಿ ಹಾಗೆ ದಡಬಡ ಎದ್ದದ್ದು ಕಂಡು ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವಳು ಅಡುಗೆಕೋಣೆಯ ಬಾಗಿಲು ತಳ್ಳಿ, ಹೊರಗಿನವರಿಗೆಂದು ಇಟ್ಟಿದ್ದ ಸಕ್ಕರೆ ಡಬ್ಬಿಯನ್ನು ಎತ್ತಿಕೊಂಡು, ಲೋಟಕ್ಕೆ ಸುರಿದು, ನೀರು ಹಾಕಿ ಬೆರಳಲ್ಲೇ ಕಲಕಿದಳು. ತಿರುಗಿದರೆ ಬಾಗಿಲಲ್ಲಿ ಶಾರದಮ್ಮ.

“ಎಂತ ಮಾಡ್ತಾ ಇದ್ದಿ?”

“ಅವನಿಗೆ ಕೊಡಬೇಕು ಶಾರದಕ್ಕ. ದಾರಿ ಬಿಡಿ.”

“ತಲೆ ಕೆಟ್ಟಿದೆಯಾ ನಿನಗೆ? ಕ್ರಿಯೆಗೆ ಕೂತವನು. ಮಡಿಯಲ್ಲಿದ್ದಾನೆ. ಬಾಯಿಗೆ ನೀರು ಹಾಕ್ಲಿಕ್ಕಿಲ್ಲ, ನೀನು ಮುಟ್ಲಿಕ್ಕೂ ಇಲ್ಲ.”

ಅಕ್ಕು ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಅಕ್ಕನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಕೃಷ್ಣಪ್ರಸಾದನ ತಲೆಗೂದಲು ಹಿಡಿದು ಮುಖ ಎತ್ತಿ, ಲೋಟವನ್ನು ಹಲ್ಲಿಗೆ ತಾಗಿಸಿ, “ಕುಡಿ. ಕುಡಿಯೋ,” ಎಂದಳು. ಅವನು ಕೈಯಿಂದ ತಳ್ಳಿದ. ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು. ಮಿಕ್ಕಿದ್ದು ಒಳಗೆ ಹೋಯಿತು. ಇನ್ನೊಂದು ಲೋಟ ಕಲಕಿ ತಂದು ಅದನ್ನೂ ಕುಡಿಸಿದಳು.

ಕಾಲು ಗಂಟೆಯಲ್ಲಿ ಅವನ ಕಣ್ಣು ತಿಳಿಯಾಯಿತು. ಸುತ್ತ ನೋಡಿದ. ಅಣ್ಣನ ಹೆಣ ನೋಡಿದ, ಸಕ್ಕರೆ ಅಂಟಿದ ಕೈ ನೋಡಿಕೊಂಡ, ನಾಚಿಕೆಯಿಂದ ಕುಗ್ಗಿಹೋದ.

“ಛೆ. ಎಂತ ಆಯ್ತು ನನಗೆ?”

“ಲೋ ಶುಗರ್,” ಎಂದರು ರಾಯರು. “ನಮ್ಮ ಕ್ಯಾಷಿಯರಿಗೂ ಒಮ್ಮೆ ಆಗಿತ್ತು. ಸಿಹಿ ಕೊಟ್ರೆ ಸರಿ ಆಗ್ತದೆ.”

“ಆಪತ್ತಿಗೆ ದೋಷ ಇಲ್ಲ,” ಎಂದರು ಭಟ್ಟರು. “ಇನ್ನೊಂದು ಸ್ನಾನ ಮಾಡಿ ಕೂತುಕೊಳ್ಳಲಿ. ಮಗು ಬಂದ ಕೂಡಲೇ ಹೊರಡುವ.”

ಎಲ್ಲರೂ ಉಸಿರು ಬಿಟ್ಟರು. ಅಕ್ಕು ಮಾತ್ರ ಸಕ್ಕರೆ ಡಬ್ಬಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು.

*

ಅಶ್ವಿತಾ ಬಂದಾಗ ಎರಡೂಕಾಲು. ಹೆಗಲ ಚೀಲವನ್ನೂ ಇಳಿಸದೆ ಅಪ್ಪನ ಎದೆಯ ಮೇಲೆ ಮುಖವಿಟ್ಟು, “ಅಪ್ಪಾ, ಎಳುಂದಿರಿಪ್ಪಾ” ಎಂದು ಎಬ್ಬಿಸಲು ನೋಡಿದಳು. ತಮಿಳಿನಲ್ಲೇ ಓದಿ ಬೆಳೆದ ಹುಡುಗಿಗೆ ಅಳುವೂ ತಮಿಳಿನಲ್ಲೇ ಬರುತ್ತಿತ್ತು. ಅಕ್ಕುವಿಗೆ ಆಗ ಅಳು ಬಂತು. ಎರಡು ನಿಮಿಷ ಅತ್ತಳು. ಅಳುತ್ತಲೇ ಕಣ್ಣಿನ ತುದಿಯಿಂದ ಕೃಷ್ಣಪ್ರಸಾದನ ಕೈ ನೋಡುತ್ತಿದ್ದಳು.

ಭಟ್ಟರು ಮಡಕೆಗೆ ಕೆಂಡ ಹಾಕಿಸಿದರು. ಚಟ್ಟ ಮೆಟ್ಟಿಲ ಕೆಳಗೆ ಸಿದ್ಧವಾಗಿತ್ತು. ಕೃಷ್ಣಪ್ರಸಾದ ಎರಡನೆಯ ಸ್ನಾನ ಮುಗಿಸಿ ಬಂದು ನಿಂತ.

“ಎತ್ತುವಾ?” ಎಂದರು ರಾಯರು.

“ಕೃಷ್ಣ ಬರುವುದಿಲ್ಲ,” ಎಂದಳು ಅಕ್ಕು. “ಅವನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

“ನಾನು ಸರಿ ಇದ್ದೇನೆ ಅತ್ತಿಗೆ. ಈಗ ಏನೂ ಇಲ್ಲ. ನೋಡಿ,” ಎಂದು ಅವನು ಎರಡು ಕೈ ಮುಂದೆ ಚಾಚಿ ತೋರಿಸಿದ. ಕೈ ನಡುಗುತ್ತಿರಲಿಲ್ಲ.

“ಸರಿ ಇಲ್ಲ. ಮತ್ತೆ ಬರ್ತದೆ.”

“ಬೇಕಾದ್ರೆ ಸೊಂಟಕ್ಕೆ ಸಕ್ಕರೆ ಪೊಟ್ಟಣ ಸಿಕ್ಕಿಸಿಕೊಳ್ತೇನೆ. ಅಣ್ಣನಿಗೆ ಬೆಂಕಿ ಕೊಡದೆ ನಾನು ಎಲ್ಲಿಗೂ ಹೋಗುವವ ಅಲ್ಲ.”

ಶಾರದಮ್ಮ ಮುಂದೆ ಬಂದರು. “ಅಕ್ಕು, ಸಾಕು. ಒಂದು ಸಲ ಮಾಡಿದ್ದು ಸಾಕು. ನಾಲ್ಕು ಜನ ನೋಡ್ತಾ ಇದ್ದಾರೆ. ಗಂಡನನ್ನು ಸರಿಯಾಗಿ ಕಳಿಸಿಕೊಡು.”

ಅಕ್ಕುವಿಗೆ ಒಂದು ಕ್ಷಣ ಬಾಯಿ ಮುಚ್ಚಿಕೊಂಡಿರೋಣ ಅನ್ನಿಸಿತು. ಎಷ್ಟು ಸುಲಭ. ಅವನು ಕೈಕಾಲು ಗಟ್ಟಿಯಾಗಿ ನಿಂತಿದ್ದಾನೆ, ಎಲ್ಲರೂ ಹೂಂ ಎನ್ನುತ್ತಿದ್ದಾರೆ, ಹೃದಯ ನಿಂತ ಗಂಡ ಹೃದಯ ನಿಂತವನಾಗಿಯೇ ಹೋಗುತ್ತಾನೆ. ಮಗಳು ಜೀವನವಿಡೀ ಅಮ್ಮ ಎಂದು ಕರೆಯುತ್ತಾಳೆ. ಆದರೆ ಸುಡುಗಾಡಿನ ಬಿಸಿಲಲ್ಲಿ ಇವನು ಒಂದು ಮರದಡಿ ಕೂತು, ತೂಕಡಿಸಿ, ದಣಿದಿದ್ದಾನೆ ಪಾಪ ಎಂದು ಯಾರೋ ಟವೆಲು ಮಡಿಸಿ ತಲೆಯಡಿಗೆ ಇಡುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

“ಇವರೂ ಹಾಗೇ ಎದ್ದು ಕೂತಿದ್ರು,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

“ನಿನ್ನೆ. ಇವರಿಗೂ ಇದೇ ಆದದ್ದು. ಸಕ್ಕರೆ ಕಾಫಿ ಕುಡಿದು ಎದ್ದು ಕೂತ್ರು, ಡಿಕಾಕ್ಷನ್ ತೆಳು ಆಯ್ತು ಅಂತ ಹೇಳಿದ್ರು. ನಾನು ಸರಿ ಆಯ್ತು ಅಂದುಕೊಂಡೆ. ಮಲಗಿ ಅಂದೆ. ನಿದ್ದೆಯಲ್ಲ ಅದು. ಆ ಮಾತ್ರೆ ಒಳಗೆ ಇದ್ದು ಎಳೀತಾ ಇರ್ತದಂತೆ, ಒಂದಿಡೀ ದಿನ. ಡಾಕ್ಟ್ರು ನನಗೆ ಹೇಳಿದ್ರು. ನಾನು ನಿಮಗೆ ಯಾರಿಗೂ ಹೇಳ್ಲಿಲ್ಲ.”

“ಹಾರ್ಟ್ ಅಂತ...” ಎಂದರು ರಾಯರು.

“ಹಾರ್ಟ್ ನಿಂತದ್ದು ಕೊನೆಗೆ. ಎರಡು ದಿನದಿಂದ ಹೊಟ್ಟೆಗೆ ಒಂದು ಅಗುಳು ಇಲ್ಲ, ಎರಡು ಹೊತ್ತೂ ಮಾತ್ರೆ ಕೊಟ್ಟೆ. ಇವತ್ತು ಬೇಕಾ ಅಂತ ಕೇಳಿದ್ರು ಶಾರದಕ್ಕ. ಬಾಯಿ ಬಿಟ್ಟು ಕೇಳಿದ್ರು. ನಾನು ಬೇಕು ಅಂದೆ. ಸಕ್ಕರೆ ಕುಡಿಸಿದ ಮೇಲೆ, ಸಕ್ಕರೆ ಏರ್ತದೆ ಅಂತ, ಮತ್ತೊಂದು ಕೊಟ್ಟೆ. ನಾನೇ ಕೊಟ್ಟದ್ದು. ಈ ಕೈಯಲ್ಲಿ.”

ಶಾರದಮ್ಮ ತಮ್ಮನ ತಲೆಯ ಹತ್ತಿರ ಹೋಗಿ ಕೂತರು.

“ಕೈಯಾರೆ ಕೊಂದೆಯಲ್ಲೇ,” ಎಂದರು. ಕೂಗಲಿಲ್ಲ. ಮೆತ್ತಗೆ ಅಂದದ್ದಕ್ಕೇ ಅದು ಇರಿಯಿತು. “ನನ್ನ ತಮ್ಮನನ್ನು ಕೈಯಾರೆ ಕೊಂದೆ.”

“ಹೌದು,” ಎಂದಳು ಅಕ್ಕು. “ಇನ್ನೊಬ್ಬ ತಮ್ಮನನ್ನು ನೀವು ಕೊಲ್ಲಬೇಡಿ.”

ಅಶ್ವಿತಾ ತಾಯಿಯನ್ನೇ ನೋಡುತ್ತಿದ್ದಳು. ಅಕ್ಕುವಿಗೆ ಅವಳತ್ತ ನೋಡುವ ಧೈರ್ಯವಿರಲಿಲ್ಲ. ಭಟ್ಟರು ಮುಂದೆ ಬಂದು, ಮಗಳು ದರ್ಭೆ ಕೊಟ್ಟು ಒಪ್ಪಿಸಿದರೆ ರಾಯರು ಬೆಂಕಿ ಇಡಬಹುದು, ಶಾಸ್ತ್ರದಲ್ಲಿ ಅದಕ್ಕೆ ದಾರಿ ಉಂಟು ಎಂದರು. ರಾಯರು ತಲೆಯಾಡಿಸಿದರು. ಕೃಷ್ಣಪ್ರಸಾದ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ತಾನು ಆಸ್ಪತ್ರೆಗೆ ಬರುವುದಿಲ್ಲ, ಬರುವುದೇ ಇಲ್ಲ ಎಂದು ಹಟ ಹಿಡಿದ.

“ಯಾರಾದ್ರೂ ಗಂಡಸರು ಕರ್ಕೊಂಡು ಹೋಗ್ಲಿ,” ಎಂದ ದೋಸೆಯವ. “ನೀವು ಹೇಗೆ ಹೋಗೂದು ಅಮ್ಮ, ಇವರನ್ನು ಬಿಟ್ಟು?”

“ನಿಮಗೆ ಗೊತ್ತಾಗೂದಿಲ್ಲ. ಮಲಗಿದ್ದಾನೆ ಅಂತ ಬಿಡ್ತೀರಿ.”

ಆಗ ಅಶ್ವಿತಾ ಎದ್ದು ಚಿಕ್ಕಪ್ಪನ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಿದಳು. “ನೀ ಪೋ ಅಮ್ಮಾ. ಚಿತ್ತಪ್ಪಾವ ಕೂಟ್ಟಿಟ್ಟು ಪೋ. ಕರ್ಕೊಂಡು ಹೋಗು, ಇಲ್ಲಿ ನಾನಿದ್ದೇನೆ,” ಎಂದಳು. ಹಾಗೆ ಹೇಳುವಾಗ ತಾಯಿಯ ಮುಖ ನೋಡಲಿಲ್ಲ.

ಅಕ್ಕು ಗಂಡನ ಕಾಲು ಮುಟ್ಟಿದಳು. ಕಟ್ಟಿದ ಹೆಬ್ಬೆರಳುಗಳು ತಣ್ಣಗಿದ್ದವು. ಇನ್ನೂ ಸ್ವಲ್ಪ ಹೊತ್ತು ಮುಟ್ಟಿಕೊಂಡಿರಬೇಕು ಅನ್ನಿಸಿತು, ಹೊತ್ತಿರಲಿಲ್ಲ. ಸಕ್ಕರೆ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಮೈದುನನ ರಟ್ಟೆ ಹಿಡಿದು, ಚಟ್ಟದ ಪಕ್ಕದಲ್ಲಿ ದಾಟಿ ಆಟೋ ಹತ್ತಿದಳು.

*

ಆಸ್ಪತ್ರೆಯಲ್ಲಿ ಇವತ್ತು ಬೇರೆ ಡಾಕ್ಟರು. ಬೆರಳು ಚುಚ್ಚಿ ನೋಡಿ, ಸಕ್ಕರೆ ನೂರ ಹನ್ನೆರಡು ಇದೆ, ಚೆನ್ನಾಗಿದೆ, ಮನೆಗೆ ಹೋಗಿ ಊಟ ಮಾಡಿಸಿ ಎಂದರು. ಕೃಷ್ಣಪ್ರಸಾದ ಎದ್ದೇ ಬಿಟ್ಟ. “ನೋಡಿದ್ರಾ ಅತ್ತಿಗೆ? ಈಗ ಹೋದ್ರೂ ಸಿಗ್ತಾರೆ.” ಅಕ್ಕು ಬಾಗಿಲಿಗೆ ಅಡ್ಡ ನಿಂತಳು. ಹರಕು ತಮಿಳಿನಲ್ಲಿ ನಿನ್ನೆಯದನ್ನೆಲ್ಲ ಹೇಳಿದಳು: ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟ ಬಿಟ್ಟು ಎಷ್ಟು ಹೊತ್ತು, ಕೊಟ್ಟದ್ದು ಯಾರು. ಈ ಸಲ ಯಾವುದನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಅವಳ ಸೀರೆಯ ಮೇಲಿನ ಸಕ್ಕರೆಯ ಕಲೆಯನ್ನೂ, ಡಬ್ಬಿಯನ್ನೂ ನೋಡಿ, ಸರಿ ಅಮ್ಮಾ, ನಾಳೆವರೆಗೆ ಇರಲಿ ಎಂದರು. ಗ್ಲೂಕೋಸಿನ ಬಾಟಲಿ ತೂಗುಹಾಕಿ ಅವನ ಕೈಗೆ ಸೂಜಿ ಚುಚ್ಚಿದರು.

ನಾಲ್ಕು ಗಂಟೆಗೆ ಅವನು ಮಾತಿನ ನಡುವೆ ಮತ್ತೆ ಬೆವರಿದ. ಬಾಟಲಿ ಹನಿಯುತ್ತಿದ್ದರೂ ಬೆವರಿದ. ಅಕ್ಕು ಕೂಗಿದ ಕೂಗಿಗೆ ನರ್ಸು ಓಡಿಬಂದಳು. ಬೆರಳು ಚುಚ್ಚಿ ನೋಡಿದರೆ ನಲವತ್ತಾರು. ದಪ್ಪ ಸಿರಿಂಜಿನಲ್ಲಿ ಗ್ಲೂಕೋಸು ಒಳಗೆ ತಳ್ಳಿದರು. ಬಾಟಲಿ ಬದಲಿಸಿ ಹೆಚ್ಚು ಗಟ್ಟಿಯದನ್ನು ಹಾಕಿದರು.

ಅವಳಿಗೆ ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ. ಇಷ್ಟೇ ಇತ್ತಲ್ಲ, ಒಂದು ಆಟೋ, ಒಂದು ಸೂಜಿ, ಇಷ್ಟೇ ಸಾಕಿತ್ತಲ್ಲ ಎಂದು ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಪಕ್ಕದ ಮಂಚದವರು ನೋಡುತ್ತಾರೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೃಷ್ಣಪ್ರಸಾದ ಕಣ್ಣು ಮುಚ್ಚಿದ. ಮಲಗಲಿ, ನಾವು ಗಂಟೆಗೊಮ್ಮೆ ನೋಡುತ್ತೇವೆ ಎಂದಳು ನರ್ಸು. ಬೇಕಾದರೆ ನಡುನಡುವೆ ಎಬ್ಬಿಸಿ ಹೆಸರು ಕೇಳಿ, ಸರಿಯಾಗಿ ಹೇಳಿದರೆ ಭಯವಿಲ್ಲ.

ಗೋಡೆಯ ಗಡಿಯಾರದಲ್ಲಿ ಐದು ಹೊಡೆಯಲು ಐದು ನಿಮಿಷ. ಸೂರ್ಯ ಇಳಿಯುವ ಮೊದಲು ಬೆಂಕಿ ಕೊಡಬೇಕು ಎಂದಿದ್ದರು ಭಟ್ಟರು. ಈಗ ಇಳಿಸಿರುತ್ತಾರೆ. ಈಗ ಮೇಲೆ ಕಟ್ಟಿಗೆ ಒಟ್ಟುತ್ತಿರುತ್ತಾರೆ. ಅವಳು ಮೈದುನನ ಭುಜ ಹಿಡಿದು ಅಲುಗಾಡಿಸಿದಳು.

“ಕೃಷ್ಣ. ಏಳು. ನಿನ್ನ ಹೆಸರು ಹೇಳು.”

“ಕೃಷ್ಣಪ್ರಸಾದ.”

“ಹೆಂಡತಿ ಹೆಸರು?”

“ಊರ್ಮಿಳಾ.”

“ಅಣ್ಣನ ಹೆಸರು?”

ಅವನು ಕಣ್ಣು ತೆರೆದು ನೋಡಿದ. “ಶೀನಣ್ಣ,” ಎಂದ.

ಅವಳು ಅವನನ್ನು ಮಲಗಲು ಬಿಟ್ಟಳು. ಐದು ನಿಮಿಷ ಬಿಟ್ಟಳು. ಕಿಟಕಿಯಾಚೆ ಬಸ್ಸುಗಳು ಹಾರನ್ ಹೊಡೆಯುತ್ತ ಪೆರಂಬೂರಿನ ಕಡೆ ಹೋಗುತ್ತಿದ್ದವು. ಗಡಿಯಾರದ ಮುಳ್ಳು ಐದನ್ನು ದಾಟಿತು. ಮದುವೆಯಾದ ದಿನದಿಂದ ಒಮ್ಮೆಯೂ ಬಾಯಲ್ಲಿ ಹೇಳದ ಗಂಡನ ಹೆಸರು ಅವಳ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು.

“ಕೃಷ್ಣ, ಏಳು.”

“ಎಚ್ಚರ ಇದ್ದೇನೆ ಅತ್ತಿಗೆ. ಏನೂ ಆಗ್ಲಿಲ್ಲ.”

“ಅಣ್ಣನ ಹೆಸರು ಹೇಳು.”

“ಆಗಲೇ ಹೇಳಿದೆನಲ್ಲ. ಶೀನಣ್ಣ.”

“ಪೂರ್ತಿ ಹೇಳು,” ಎಂದಳು ಅಕ್ಕು.